ಕಾಲು ಉಳೀತು, ಆಮೇಲೆ?

ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಕೆಲವರಿಗೆ ಒಂದೇ ಕಾಲಿನಲ್ಲಿ ಮತ್ತೆ ಮತ್ತೆ ಗಂಟುಗಳಾಗಿ ಏಳುತ್ತೆ. ಎಷ್ಟು ಸಲ ಅಂತ ಕತ್ತರಿಸೋದು? ಕಾಲನ್ನೇ ತೆಗೆಯೋದಾ?

1950ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ವೈದ್ಯರು ಬೇರೆ ದಾರಿ ಹುಡುಕಿದರು: ಕಾಲಿನ ರಕ್ತ ಸಂಚಾರವನ್ನು ದೇಹದಿಂದ ಬೇರ್ಪಡಿಸಿ, ಅಲ್ಲಿಗೆ ಮಾತ್ರ ಕೀಮೋ ಕೊಡೋದು. 1990ರ ದಶಕದಲ್ಲಿ ಸಿಡ್ನಿಯ ಡಾ. ಜಾನ್ ಥಾಂಪ್ಸನ್ ತಂಡ ಇದನ್ನು ಸರಳ ಮಾಡಿತು. ರಕ್ತನಾಳದಲ್ಲಿ ತೆಳು ಕೊಳವೆ, ತೊಡೆಗೆ ಬಿಗಿಯಾದ ಪಟ್ಟಿ, ಸುಮಾರು ಅರ್ಧ ಗಂಟೆ ಮೆಲ್ಫಲಾನ್ ಔಷಧಿ. ಆಮೇಲೆ ಅದನ್ನು ತೊಳೆದು ಹೊರಗೆ ತೆಗೀತಾರೆ. ಇಡೀ ದೇಹ ತಡೆಯಲಾರದಷ್ಟು ಔಷಧಿಯನ್ನ ಕಾಲೊಂದು ತಡೆಯುತ್ತೆ.

ಆದರೆ ಪುಕ್ಕಟೆ ಏನಲ್ಲ. ಮೊದಲ ದಿನಗಳಲ್ಲಿ ಕಾಲು ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತೆ. ಹೆಚ್ಚಿನವರಿಗೆ ಇದು ವಾರಗಳಲ್ಲಿ ಇಳಿಯುತ್ತೆ. ಕೆಲವರಿಗೆ ಮಾತ್ರ ಬಾವು, ಜೋಮು, ಬಿಗಿದ ಪಾದದ ಕೀಲು ಉಳಿದುಬಿಡುತ್ತೆ. ಮೆಟ್ಟಿಲು ಇಳಿಯೋದು, ಹಳೇ ಚಪ್ಪಲಿ ಹಾಕೋದು, ನಿಂತು ಕೆಲಸ ಮಾಡೋದು ಆಗುತ್ತಾ ಅಂತ ಚಿಕಿತ್ಸೆಗೆ ಮೊದಲೇ ಕೇಳಬೇಕು. ಯಾಕಂದ್ರೆ ಇದರಿಂದ ಆಯಸ್ಸು ಹೆಚ್ಚುತ್ತೆ ಅಂತ ಸಾಬೀತಾಗಿಲ್ಲ, ಗೆಲ್ಲೋದು ಆ ಕಾಲನ್ನು.

ಇನ್ನೊಂದು ಮಾತು. ನೋವು ಇಳಿಯೋ ಬದಲು ದಿನದಿನಕ್ಕೆ ಏರ್ತಿದ್ರೆ ಸಹಿಸ್ಕೊಂಡು ಕೂರಬೇಡಿ. ಸ್ನಾಯುಗಳೊಳಗೆ ಒತ್ತಡ ಏರಿರಬಹುದು, ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗಬಹುದು.