ಕಡಿತದ ಠರಾವಿಲ್ಲ, ಕೈಗೆ ಬರುವ ಹಣವೂ ಇಲ್ಲ: ಪುರಸಭೆಗಳ ‘ಶೇ 5’ರ ಲೆಕ್ಕಾಚಾರ

ಗೋಕಾಕ: ನಗರಸಭೆ, ಪುರಸಭೆಗಳು ಮುಂಗಡಪತ್ರ ಮಂಡಿಸಿದ ಮರುದಿನ ಸುದ್ದಿಯಾಗುವುದು ಉಳಿತಾಯದ ಮೊತ್ತ, ರಸ್ತೆ, ಚರಂಡಿ ಮತ್ತು ಬೀದಿದೀಪ. ಅದೇ ಪುಸ್ತಕದ ಒಳಪುಟದಲ್ಲಿ ಅಂಗವಿಕಲರ ಕಲ್ಯಾಣಕ್ಕೆ ಶೇ 5 ಎಂಬ ಒಂದು ಸಾಲು ಇರುತ್ತದೆ. ಸಭೆಯಲ್ಲಿ ಆ ಸಾಲನ್ನು ಓದುವವರು ಕಡಿಮೆ, ಅದರ ಮೇಲೆ ಚರ್ಚೆ ನಡೆಯುವುದು ಇನ್ನೂ ಕಡಿಮೆ. ಆದರೆ ಮನೆಯಿಂದ ಹೊರಬರಲು ತ್ರಿಚಕ್ರ ವಾಹನವನ್ನೋ, ಚಿಕಿತ್ಸೆಗೆ ಒಂದಿಷ್ಟು ಧನಸಹಾಯವನ್ನೋ ಎದುರು ನೋಡುತ್ತಿರುವ ವಯಸ್ಕರಿಗೆ ಸ್ಥಳೀಯ ಆಡಳಿತದಲ್ಲಿ ಹೆಸರು ಹಿಡಿದು ಮೀಸಲಿಟ್ಟ ಹಣ ಅದೊಂದೇ.

ಈ ಹಣವನ್ನು ಕಡಿತಗೊಳಿಸಲು ಯಾವ ಸಭೆಯೂ ಠರಾವು ಪಾಸು ಮಾಡಬೇಕಿಲ್ಲ. ವಸೂಲಿ ಕುಸಿದರೆ ಸಾಕು, ಅನುದಾನದ ಕಂತು ತಡವಾದರೆ ಸಾಕು, ಕ್ರಿಯಾ ಯೋಜನೆಯ ಕಡತ ಒಂದೆರಡು ತಿಂಗಳು ಮೇಜಿನ ಮೇಲೆ ಉಳಿದರೂ ಸಾಕು. ಅದು ತಾನಾಗಿಯೇ ಕರಗುತ್ತದೆ. ಗೋಕಾಕ ನಗರಸಭೆ, ಮೂಡಲಗಿ ಮತ್ತು ಹುಕ್ಕೇರಿ ಪುರಸಭೆಗಳ ನಾಗರಿಕರು ತಮ್ಮ ಊರಿನ ಮುಂಗಡಪತ್ರವನ್ನು ಓದುವಾಗ ಈ ವ್ಯವಸ್ಥೆ ನಡೆಯುವ ಬಗೆಯನ್ನು ತಿಳಿದಿರುವುದು ಅಗತ್ಯ.

ಏನಿದು ಶೇ 5?

ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ನಿಧಿ ಹಾಗೂ ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಮುಕ್ತನಿಧಿಯಲ್ಲಿ ಮೂರು ಪಾಲುಗಳನ್ನು ತೆಗೆದಿಡಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 24.10, ಇತರ ಬಡವರ್ಗದವರಿಗೆ ಶೇ 7.25 ಮತ್ತು ಅಂಗವಿಕಲರಿಗೆ ಶೇ 5. ಕೊನೆಯ ಪಾಲು ಹಿಂದೆ ಶೇ 3 ಇತ್ತು. 1995ರ ಕಾಯ್ದೆಯ ಬದಲಿಗೆ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಬಡತನ ನಿರ್ಮೂಲನೆ ಹಾಗೂ ಅಭಿವೃದ್ಧಿ ಯೋಜನೆಗಳಲ್ಲಿ ಶೇ 5ರ ಮೀಸಲಾತಿಯನ್ನು ವಿಧಿಸಿತು. ಈ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು.

ಇದರ ಹಿಂದೆ ಸಂವಿಧಾನದ ಬಲವೂ ಇದೆ. 74ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ 12ನೇ ಅನುಸೂಚಿಯು ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿದೆ. ಅದರ 9ನೇ ವಿಷಯವೇ ಅಂಗವಿಕಲರು ಹಾಗೂ ಬುದ್ಧಿಮಾಂದ್ಯರು ಸೇರಿದಂತೆ ದುರ್ಬಲ ವರ್ಗಗಳ ಹಿತರಕ್ಷಣೆ. ಹೀಗಾಗಿ ಇದು ಪುರಸಭೆ ಮಾಡುವ ದಾನಧರ್ಮವಲ್ಲ.

ಸಾಮಾನ್ಯವಾಗಿ ಈ ನಿಧಿಯಿಂದ ತ್ರಿಚಕ್ರ ವಾಹನ, ಗಾಲಿಕುರ್ಚಿ, ಶ್ರವಣ ಸಾಧನ, ಹೊಲಿಗೆ ಯಂತ್ರ, ವೈದ್ಯಕೀಯ ವೆಚ್ಚದ ನೆರವು ಮತ್ತು ವಿದ್ಯಾರ್ಥಿಗಳಿಗೆ ಸಹಾಯಧನ ನೀಡಲಾಗುತ್ತದೆ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಇದು ಒಟ್ಟು ಜನಸಂಖ್ಯೆಯ ಶೇ 2ಕ್ಕಿಂತ ತುಸು ಹೆಚ್ಚು. ಅಂದು ಸುಮಾರು 79 ಸಾವಿರ ಜನಸಂಖ್ಯೆಯಿದ್ದ ಗೋಕಾಕ ನಗರಕ್ಕೆ ಇದೇ ಸರಾಸರಿಯನ್ನು ಅನ್ವಯಿಸಿದರೆ ಸುಮಾರು 1,700 ಮಂದಿಯಾಗುತ್ತಾರೆ. ಆ ಗಣತಿ ಗುರುತಿಸಿದ್ದು ಕೆಲವೇ ಬಗೆಯ ಅಂಗವೈಕಲ್ಯಗಳನ್ನು. 2016ರ ಕಾಯ್ದೆ 21 ಬಗೆಗಳನ್ನು ಪಟ್ಟಿ ಮಾಡಿದೆ. ಅಂದರೆ ಅರ್ಹರ ಸಂಖ್ಯೆ ಹೆಚ್ಚಿದೆ.

ಪಿಂಚಣಿ ಬೇರೆ, ಪುರಸಭೆಯ ನೆರವು ಬೇರೆ

ಮಾಸಾಶನ ನಿಂತಾಗ ಹಲವರು ಪುರಸಭೆಯ ಬಾಗಿಲು ತಟ್ಟುತ್ತಾರೆ. ಆದರೆ ಸಾಮಾಜಿಕ ಭದ್ರತಾ ಪಿಂಚಣಿಗಳು ಕಂದಾಯ ಇಲಾಖೆಗೆ ಸೇರಿದವು. ಅರ್ಜಿ ಸಲ್ಲಿಸಬೇಕಾದದ್ದು ನಾಡಕಚೇರಿಯಲ್ಲಿ, ಮಂಜೂರಾಗುವುದು ತಹಶೀಲ್ದಾರ್ ಕಚೇರಿಯ ಮೂಲಕ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನವನ್ನು ರಾಜ್ಯ ಸರ್ಕಾರ 2021ರಲ್ಲಿ 1,000 ರೂಪಾಯಿಯಿಂದ 1,200 ರೂಪಾಯಿಗೆ ಏರಿಸಿತು. ವಿಧವಾ ವೇತನ ಅದೇ ವೇಳೆ 600ರಿಂದ 800 ರೂಪಾಯಿಗೆ ಏರಿತು. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಯಲ್ಲಿ 80 ವರ್ಷದೊಳಗಿನವರಿಗೆ ಕೇಂದ್ರ ಸರ್ಕಾರ ಭರಿಸುವ 200 ರೂಪಾಯಿಯ ಪಾಲು ಮಾತ್ರ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಏರಿಕೆ ಕಾಣಲಿಲ್ಲ.

ಪಿಂಚಣಿಯ ಹಣದಿಂದ ಒಲೆ ಹೊತ್ತಬಹುದು, ಗುಳಿಗೆ ಕೊಳ್ಳಬಹುದು. ಗಾಲಿಕುರ್ಚಿ, ಕೃತಕ ಕಾಲು, ಶಸ್ತ್ರಚಿಕಿತ್ಸೆಯ ಮೇಲುಖರ್ಚು ಇತ್ಯಾದಿ ಒಮ್ಮೆಲೇ ಬೀಳುವ ದೊಡ್ಡ ವೆಚ್ಚಗಳಿಗೆ ಅದು ಸಾಲದು. ಪುರಸಭೆಯ ಶೇ 5ರ ನಿಧಿ ತುಂಬಬೇಕಾದದ್ದು ಈ ಕೊರತೆಯನ್ನು. ಆದ್ದರಿಂದಲೇ ಅದು ಸೊರಗಿದಾಗ ಭಾರ ನೇರವಾಗಿ ಕುಟುಂಬದ ಮೇಲೆ, ಬಹುತೇಕ ಸಂದರ್ಭಗಳಲ್ಲಿ ಮನೆಯ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ.

ಹಣ ಕರಗುವುದು ಎಲ್ಲಿ?

ಪುರಸಭೆಯ ಬೊಕ್ಕಸಕ್ಕೆ ಬರುವ ಹಣವೆಲ್ಲ ಒಂದೇ ಬಗೆಯದಲ್ಲ. ಎಸ್‌ಎಫ್‌ಸಿ ಅನುದಾನ ವೇತನ, ವಿದ್ಯುತ್ ಮತ್ತು ಮುಕ್ತನಿಧಿ ಎಂದು ಬೇರೆಬೇರೆಯಾಗಿ ಬರುತ್ತದೆ. ನೌಕರರ ಸಂಬಳ, ಬೀದಿದೀಪ ಹಾಗೂ ನೀರೆತ್ತುವ ಯಂತ್ರಗಳ ವಿದ್ಯುತ್ ಬಿಲ್ ತಪ್ಪಿಸಲಾಗದ ವೆಚ್ಚಗಳು. 15ನೇ ಹಣಕಾಸು ಆಯೋಗ 2021-22ರಿಂದ 2025-26ರವರೆಗಿನ ಅವಧಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಇಂಥ ಊರುಗಳ ಪಾಲಿನ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯ ಮತ್ತು ತ್ಯಾಜ್ಯ ವಿಲೇವಾರಿಗೆ ನಿರ್ಬಂಧಿತವಾಗಿತ್ತು. ಹೀಗಾಗಿ ಶೇ 5ರ ಲೆಕ್ಕಕ್ಕೆ ಆಧಾರವಾಗುವುದು ಮುಕ್ತನಿಧಿ ಮತ್ತು ಸ್ವಂತ ಸಂಪನ್ಮೂಲ ಮಾತ್ರ. ಸ್ವಂತ ಸಂಪನ್ಮೂಲವೆಂದರೆ ಆಸ್ತಿ ತೆರಿಗೆ, ನೀರಿನ ಕರ, ಮಳಿಗೆಗಳ ಬಾಡಿಗೆ ಹಾಗೂ ಪರವಾನಗಿ ಶುಲ್ಕ.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಒಂದು ಪುರಸಭೆ ಮುಂಗಡಪತ್ರದಲ್ಲಿ ಸ್ವಂತ ಆದಾಯ 2 ಕೋಟಿ, ಮುಕ್ತನಿಧಿ 1 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಅಂಗವಿಕಲರ ಪಾಲು 15 ಲಕ್ಷ ರೂಪಾಯಿ. ವರ್ಷಾಂತ್ಯಕ್ಕೆ ಸ್ವಂತ ಆದಾಯದಲ್ಲಿ ವಸೂಲಾದದ್ದು 1.20 ಕೋಟಿ, ಬಿಡುಗಡೆಯಾದ ಮುಕ್ತನಿಧಿ 80 ಲಕ್ಷ. ಆಧಾರ 2 ಕೋಟಿಗೆ ಇಳಿಯಿತು, ಪಾಲು 10 ಲಕ್ಷಕ್ಕೆ ಇಳಿಯಿತು. ಐದು ಲಕ್ಷ ರೂಪಾಯಿ ಹೋದದ್ದಕ್ಕೆ ಠರಾವು ಇಲ್ಲ, ವಿರೋಧ ದಾಖಲಿಸಿದ ಸದಸ್ಯರೂ ಇಲ್ಲ. ಉಳಿದ 10 ಲಕ್ಷದಲ್ಲಿ ಮಾರ್ಚ್ 31ರೊಳಗೆ ಖರ್ಚಾದದ್ದು 6 ಲಕ್ಷ ಎಂದಿಟ್ಟುಕೊಂಡರೆ ಮಿಕ್ಕದ್ದು ಮುಂದಿನ ವರ್ಷದ ಆರಂಭಿಕ ಶಿಲ್ಕಿಗೆ ಸೇರುತ್ತದೆ. ಮುಂಗಡಪತ್ರದಲ್ಲಿ 15 ಲಕ್ಷ, ಫಲಾನುಭವಿಗಳಿಗೆ ತಲುಪಿದ್ದು 6 ಲಕ್ಷ. ಯಂತ್ರಚಾಲಿತ ತ್ರಿಚಕ್ರ ವಾಹನವೊಂದಕ್ಕೆ ಲಕ್ಷ ರೂಪಾಯಿ ಎಂದು ಹಿಡಿದರೆ, ಹದಿನೈದು ಮಂದಿಗೆ ಸಿಗಬೇಕಿದ್ದ ವಾಹನ ಆರು ಮಂದಿಗೆ ಸಿಕ್ಕಿತು.

ಕಡತದ ಹಾದಿಯೂ ದೀರ್ಘ. ಮುಂಗಡಪತ್ರಕ್ಕೆ ಅನುಮೋದನೆ ಸಿಕ್ಕ ಮೇಲೆ ಶೇ 5ರ ಕ್ರಿಯಾ ಯೋಜನೆ ಸಿದ್ಧವಾಗಬೇಕು. ಅದು ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಜಿಲ್ಲಾಧಿಕಾರಿಯ ಮಂಜೂರಾತಿಗೆ ಬೆಳಗಾವಿಗೆ ಹೋಗಿ ಬರಬೇಕು. ಬಳಿಕ ಅರ್ಜಿ ಆಹ್ವಾನ, ದಾಖಲೆ ಪರಿಶೀಲನೆ, ಫಲಾನುಭವಿಗಳ ಆಯ್ಕೆ, ಸಾಮಗ್ರಿ ಖರೀದಿಗೆ ಟೆಂಡರ್. ಇವುಗಳಲ್ಲಿ ಎರಡು ಹಂತ ವಿಳಂಬವಾದರೂ ಆರ್ಥಿಕ ವರ್ಷ ಮುಗಿದುಹೋಗುತ್ತದೆ.

ಮೂರು ಊರು, ಮೂರು ಬಗೆಯ ಒತ್ತಡ

ಗೋಕಾಕ ನಗರಸಭೆ ಮೂರರಲ್ಲಿ ದೊಡ್ಡದು. ಮಾರುಕಟ್ಟೆ, ಮಳಿಗೆ, ವಾಣಿಜ್ಯ ಕಟ್ಟಡಗಳಿರುವ ಊರಿಗೆ ಸ್ವಂತ ಆದಾಯದ ಅವಕಾಶವೂ ಹೆಚ್ಚು. ಆದರೆ ಊರು ಘಟಪ್ರಭೆಯ ದಡದಲ್ಲಿದೆ. 2019ರ ಆಗಸ್ಟ್‌ನಲ್ಲಿ ನದಿ ಉಕ್ಕಿ ನಗರದ ದೊಡ್ಡ ಭಾಗ ಜಲಾವೃತವಾಗಿತ್ತು, ಲೋಳಸೂರ ಸೇತುವೆ ಮುಳುಗಿತ್ತು. 2021 ಮತ್ತು 2024ರ ಜುಲೈನಲ್ಲಿಯೂ ನೆರೆ ನಗರವನ್ನು ಕಾಡಿತು. ಅಂಗಡಿ, ಮನೆಗಳು ಕೆಸರು ತುಂಬಿಕೊಂಡ ವರ್ಷ ತೆರಿಗೆ ಕೇಳುವುದು ಕಷ್ಟ, ಸ್ವಚ್ಛತೆ ಮತ್ತು ದುರಸ್ತಿ ಮುಂದೂಡುವುದು ಅಸಾಧ್ಯ. ನೆರೆಯ ಹೊತ್ತಿಗೆ ಮೊದಲು ಸ್ಥಳಾಂತರಿಸಬೇಕಾದವರೂ, ಮನೆಯಲ್ಲಿದ್ದ ಸಾಧನ ಸಲಕರಣೆ ಕಳೆದುಕೊಂಡು ಮತ್ತೆ ಅರ್ಜಿ ಹಾಕಬೇಕಾದವರೂ ಹಾಸಿಗೆ ಹಿಡಿದ ವೃದ್ಧರು ಮತ್ತು ಅಂಗವಿಕಲರೇ.

ಮೂಡಲಗಿ ಗೋಕಾಕ ತಾಲ್ಲೂಕಿನಿಂದ ಬೇರ್ಪಟ್ಟು ತಾಲ್ಲೂಕು ಕೇಂದ್ರವಾದ ಊರು. ತಾಲ್ಲೂಕು ಕೇಂದ್ರವಾದ ಮಾತ್ರಕ್ಕೆ ಪುರಸಭೆಯ ತೆರಿಗೆ ಆಧಾರ ಹಿಗ್ಗುವುದಿಲ್ಲ. ರಸ್ತೆ, ನೀರು, ನೈರ್ಮಲ್ಯದ ಬೇಡಿಕೆ ಮಾತ್ರ ಕೂಡಲೇ ಹೆಚ್ಚುತ್ತದೆ. ಹುಕ್ಕೇರಿಯದೂ ಸಣ್ಣ ಪಟ್ಟಣದ ಪಾಡು. ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಪ್ರಕಾರ 20 ಸಾವಿರದಿಂದ 50 ಸಾವಿರ ಜನಸಂಖ್ಯೆಯ ಊರುಗಳು ಪುರಸಭೆಗಳಾಗುತ್ತವೆ. ಇಂಥ ಊರುಗಳಲ್ಲಿ ಕೃಷಿ ಅವಲಂಬಿತ ಕುಟುಂಬಗಳೇ ಹೆಚ್ಚು, ದೊಡ್ಡ ವಾಣಿಜ್ಯ ಕಟ್ಟಡಗಳು ಕಡಿಮೆ. ಸ್ವಂತ ಆದಾಯ ಚಿಕ್ಕದಾದಷ್ಟೂ ಮುಕ್ತನಿಧಿಯ ಏರಿಳಿತದ ಪೆಟ್ಟು ದೊಡ್ಡದು.

ಪ್ರಶ್ನಿಸುವವರಿಲ್ಲದ ಅವಧಿ

ಹಣದ ಜೊತೆಗೆ ಅದರ ಬಗ್ಗೆ ದನಿಯೆತ್ತುವ ಪ್ರತಿನಿಧಿಗಳೂ ಬೇಕು. 2018ರ ಆಗಸ್ಟ್‌ನಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ವಿವಾದ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಬಹಳಷ್ಟು ಕಡೆ ಅಧಿಕಾರ ಹಿಡಿಯಲು 2020ರ ಕೊನೆಯವರೆಗೆ ಕಾಯಬೇಕಾಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಪ್ರಕಟವಾದದ್ದು 2024ರ ಆಗಸ್ಟ್‌ನಲ್ಲಿ. ನಡುವಿನ ತಿಂಗಳುಗಳಲ್ಲಿ ಆಡಳಿತಾಧಿಕಾರಿಗಳೇ ಮುಂಗಡಪತ್ರಕ್ಕೆ ಸಹಿ ಹಾಕಿದರು. ವಾರ್ಡಿನ ಸದಸ್ಯ ಎದ್ದುನಿಂತು ಕೇಳಬಹುದಾದ ಪ್ರಶ್ನೆಗೆ ಆ ಅವಧಿಯಲ್ಲಿ ವೇದಿಕೆಯೇ ಇರಲಿಲ್ಲ.

ಇಂಗ್ಲೆಂಡಿನ ಸ್ಥಿತಿಯೊಂದಿಗೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ 2014ರ ಆರೈಕೆ ಕಾಯ್ದೆಯಂತೆ ವಯಸ್ಕರ ಆರೈಕೆ ಸ್ಥಳೀಯ ಸಂಸ್ಥೆಗಳ ಶಾಸನಬದ್ಧ ಹೊಣೆ. 2023ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ನಗರಾಡಳಿತ ತನ್ನ ಬಳಿ ಹಣವಿಲ್ಲವೆಂದು ಅಧಿಕೃತವಾಗಿ ಘೋಷಿಸಿತು. 2024ರ ಮಾರ್ಚ್‌ನಲ್ಲಿ ವಯಸ್ಕರ ಆರೈಕೆಯೂ ಸೇರಿದಂತೆ ಹಲವು ಕಡಿತಗಳನ್ನು ಸಭೆಯಲ್ಲಿ ಮತಕ್ಕೆ ಹಾಕಿತು. ಪ್ರತಿಭಟನೆ ನಡೆಯಿತು, ಏಕೆಂದರೆ ಕಡಿತ ಕಣ್ಣಿಗೆ ಕಾಣುವಂತಿತ್ತು.

ವಸ್ತು ಸಿಗುತ್ತದೆ, ಆರೈಕೆ ಸಿಗುವುದಿಲ್ಲ

ಪೂರ್ತಿ ಹಣ ಖರ್ಚಾದರೂ ಒಂದು ಕೊರತೆ ಉಳಿಯುತ್ತದೆ. ಶೇ 5ರ ಬಹುಪಾಲು ಸಾಮಗ್ರಿ ವಿತರಣೆಗೆ ಹೋಗುತ್ತದೆ. ವೇದಿಕೆ, ಹಾರ, ಕೀಲಿಕೈ ಹಸ್ತಾಂತರದ ಛಾಯಾಚಿತ್ರದೊಂದಿಗೆ ಕಾರ್ಯಕ್ರಮ ಮುಗಿಯುತ್ತದೆ. ಎದ್ದು ಕೂರಲಾಗದ ವಯಸ್ಕನನ್ನು ದಿನವೂ ನೋಡಿಕೊಳ್ಳುವ ತಾಯಿಗೋ ಹೆಂಡತಿಗೋ ಅದರಿಂದ ಆಗುವ ಅನುಕೂಲ ಅಲ್ಪ. ಹೆಚ್ಚಿನ ಬೆಂಬಲ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಪ್ರಸ್ತಾಪ 2016ರ ಕಾಯ್ದೆಯ 24ನೇ ಕಲಮಿನಲ್ಲಿಯೇ ಇದೆ. ಹಗಲು ಆರೈಕೆ ಕೇಂದ್ರ, ಮನೆಗೆ ಬರುವ ಫಿಜಿಯೋಥೆರಪಿ, ಬೆಳಗಾವಿಯ ಆಸ್ಪತ್ರೆಗೆ ಹೋಗಿಬರುವ ವಾಹನ ವೆಚ್ಚ ಇವೆಲ್ಲ ಕ್ರಿಯಾ ಯೋಜನೆಯಲ್ಲಿ ಸೇರಬೇಕಾದರೆ ಮೊದಲು ಅವನ್ನು ಕೇಳುವವರು ಬೇಕು. ಅಂಗವಿಕಲರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಡಿ ಗೌರವಧನಕ್ಕೆ ದುಡಿಯುವ ನಗರ ಪುನರ್ವಸತಿ ಕಾರ್ಯಕರ್ತರಿಗೆ ಮನೆಮನೆಯ ಅಗತ್ಯ ತಿಳಿದಿರುತ್ತದೆ. ಯೋಜನೆ ಬರೆಯುವ ಮೊದಲು ಅವರೊಂದಿಗೆ ಸಮಾಲೋಚಿಸುವುದು ಉಪಯುಕ್ತ.

ನಾಗರಿಕರು ಏನು ನೋಡಬೇಕು?

ಮುಂಗಡಪತ್ರದಲ್ಲಿ ಹಿಂದಿನ ವರ್ಷದ ವಾಸ್ತವಿಕ ವೆಚ್ಚ, ಚಾಲ್ತಿ ವರ್ಷದ ಪರಿಷ್ಕೃತ ಅಂದಾಜು ಮತ್ತು ಮುಂದಿನ ವರ್ಷದ ಅಂದಾಜು ಎಂಬ ಕಾಲಂಗಳಿರುತ್ತವೆ. ಓದಬೇಕಾದದ್ದು ಮೊದಲನೆಯದನ್ನು. ಅಂದಾಜು ಪ್ರತಿ ವರ್ಷ ಏರುತ್ತಿದ್ದು, ವಾಸ್ತವಿಕ ವೆಚ್ಚ ಇದ್ದಲ್ಲೇ ಇದ್ದರೆ ಕಡಿತ ನಡೆಯುತ್ತಿದೆ ಎಂದೇ ಅರ್ಥ.

ಮುಂಗಡಪತ್ರಕ್ಕೆ ಮುನ್ನ ನಡೆಯುವ ಸಾರ್ವಜನಿಕ ಸಮಾಲೋಚನಾ ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಬಹುದು. ಕಳೆದ ವರ್ಷ ಶೇ 5ರ ಪಾಲಿಗೆ ನಿಜವಾಗಿ ಬಂದ ಹಣವೆಷ್ಟು? ಖರ್ಚಾಗದೆ ಉಳಿದದ್ದೆಷ್ಟು, ಅದು ಇದೇ ಶೀರ್ಷಿಕೆಯಡಿ ಮುಂದುವರಿದಿದೆಯೇ? ಕ್ರಿಯಾ ಯೋಜನೆ ಮಂಜೂರಾದ ದಿನಾಂಕ ಯಾವುದು? ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಸಲ್ಲಿಸಬಹುದು. 30 ದಿನಗಳಲ್ಲಿ ಮಾಹಿತಿ ನೀಡುವುದು ಕಡ್ಡಾಯ.

ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿಯೇ ಪಾವತಿಸಿದರೆ ಶೇ 5ರ ರಿಯಾಯಿತಿ ಸಿಗುತ್ತದೆ ಎಂಬುದನ್ನು ಪುರಸಭೆಗಳು ಧ್ವನಿವರ್ಧಕದಲ್ಲಿ ಸಾರುತ್ತವೆ. ವಸೂಲಾದ ತೆರಿಗೆಯಲ್ಲಿ ಇನ್ನೊಂದು ಶೇ 5 ಯಾರಿಗೆ ಸೇರಬೇಕು, ಕಳೆದ ವರ್ಷ ಅವರಿಗೆ ತಲುಪಿದ್ದೆಷ್ಟು ಎಂಬುದನ್ನೂ ಕಚೇರಿಯ ಸೂಚನಾ ಫಲಕದಲ್ಲಿ ಬರೆದು ಹಾಕಲು ಹೆಚ್ಚಿನ ಖರ್ಚೇನೂ ಬೇಕಾಗದು.