ಚಳಿಗಾಲದಲ್ಲಿ ಹಳೆಯ ಕಾರು ಪೆಟ್ರೋಲು ಹೆಚ್ಚು ಕುಡಿಯುವುದೇಕೆ?



ಮನೆಯ ಎತ್ತು ಹೊಟ್ಟೆ ತುಂಬ ಮೇವು ತಿಂದರೂ ಅರ್ಧ ಹೊಲಕ್ಕೇ ಸುಸ್ತಾಗಿ ನಿಂತರೆ ನಾವು ಏನು ಮಾಡುತ್ತೇವೆ? ಮರುದಿನವೇ ಅದನ್ನು ಸಂತೆಗೆ ಹೊಡೆಯುವುದಿಲ್ಲ. ಗೊರಸು ನೋಡುತ್ತೇವೆ. ನೊಗ ತಾಗಿ ಹೆಗಲು ಬಾತಿದೆಯೇ ಎಂದು ಮುಟ್ಟಿ ನೋಡುತ್ತೇವೆ. ಸಗಣಿ ಹೇಗಿದೆ ಎಂದು ನೋಡುತ್ತೇವೆ. ಆದರೆ ಮನೆಯ ಹಳೆಯ ಕಾರು ಪೆಟ್ರೋಲು ಹೆಚ್ಚು ಕುಡಿಯತೊಡಗಿದರೆ ಮಾತ್ರ ಏನನ್ನೂ ನೋಡದೆ, ಯಾರು ಏನು ಹೇಳಿದರೂ ತಲೆಯಾಡಿಸಿ ಹಣ ಎಣಿಸುತ್ತೇವೆ. ಇದು ಸರಿಯಲ್ಲ.

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಸುತ್ತಿನ ಹಳ್ಳಿಗಳಲ್ಲಿ ಸೆಕೆಂಡ್ ಹ್ಯಾಂಡ್ ಕಾರು, ವ್ಯಾನುಗಳು ಈಗ ಹೊಸ ಸಂಗತಿಯಲ್ಲ. ಬಾಳೆಗೊನೆ ಮಾರುಕಟ್ಟೆಗೆ ಹೋಗುವುದು ಅದರಲ್ಲಿ. ರಾತ್ರಿ ಹೊತ್ತು ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯುವುದೂ ಅದರಲ್ಲೇ. "ಬೇಸಿಗೆಯಲ್ಲಿ ಚೆನ್ನಾಗಿತ್ತು, ದೀಪಾವಳಿ ಕಳೆದ ಮೇಲೆ ಮೈಲೇಜ್ ಬಿದ್ದುಹೋಯಿತು" ಎಂದು ಹಲವರು ನನ್ನಲ್ಲಿ ಹೇಳಿದ್ದಾರೆ. ನಾನು ಓದಿದ್ದು ಕೃಷಿ ಡಿಪ್ಲೊಮಾ. ಮೋಟಾರು ಕೆಲಸ ಕಲಿತವನಲ್ಲ. ಆದರೆ ಈ ಪಾಠವನ್ನು ನಮ್ಮ ಮನೆಯಲ್ಲೇ ಕಲಿಯಬೇಕಾಗಿ ಬಂದುದರಿಂದ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಮನೆಯ ವ್ಯಾನು

ನಮ್ಮ ತಂದೆಯವರು ಒಂದು ಬೇಸಿಗೆಯಲ್ಲಿ ಹಳೆಯ ಪೆಟ್ರೋಲು ವ್ಯಾನು ಕೊಂಡರು. ಆಗ ಅದು ಲೀಟರಿಗೆ ಸುಮಾರು 15 ಕಿ.ಮೀ. ಓಡುತ್ತಿತ್ತು. ಡಿಸೆಂಬರಿನಲ್ಲಿ 12ಕ್ಕೆ ಇಳಿಯಿತು. ತಿಂಗಳಿಗೆ 900 ಕಿ.ಮೀ. ಓಡಿಸುವ ಮನೆಗೆ ಇದರ ಅರ್ಥವೇನು? ಮೊದಲು 60 ಲೀಟರು ಸಾಕಾಗುತ್ತಿದ್ದಲ್ಲಿ ಈಗ 75 ಲೀಟರು ಬೇಕು. ಲೀಟರಿಗೆ 100 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೂ ತಿಂಗಳಿಗೆ 1,500 ರೂಪಾಯಿ ಹೊಗೆಯಾಗಿ ಹೋದಂತೆ.

ಒಂದು ಗ್ಯಾರೇಜಿನಲ್ಲಿ ತೋರಿಸಿದೆವು. "ಎಂಜಿನ್ ಸವೆದಿದೆ, ಇಳಿಸಿ ಬಿಚ್ಚಬೇಕು, 35 ಸಾವಿರ ಆಗುತ್ತದೆ" ಎಂದರು. ಮನೆಯಲ್ಲಿ ಅಷ್ಟು ಹಣವಿದ್ದುದು ಒಂದೇ ಕಡೆ: ಅಕ್ಕನ ಬಾಣಂತನಕ್ಕೆಂದು ಅವ್ವ ಎತ್ತಿಟ್ಟಿದ್ದು. ತಂದೆಯವರು ಅದನ್ನು ತೆಗೆಯಲು ಒಪ್ಪಿಯೇಬಿಟ್ಟಿದ್ದರು. ಆಗ ನನಗೆ ಒಂದು ಸಂದೇಹ ಹುಟ್ಟಿತು. ಎಂಜಿನ್ ಸವೆದಿದ್ದರೆ ಬೇಸಿಗೆಯಲ್ಲಿಯೂ ಸವೆದೇ ಇರಬೇಕಲ್ಲವೇ? ಚಳಿಗಾಲದಲ್ಲಿ ಮಾತ್ರ ಅದು ಸವೆಯುವುದು ಹೇಗೆ?

ಈ ಪ್ರಶ್ನೆಯನ್ನು ನೀವೂ ಕೇಳಿಕೊಳ್ಳಬೇಕು. ಚಳಿಗಾಲದಲ್ಲಿ ಮಾತ್ರ ಕಾಣುವ ದೋಷದ ಕಾರಣವನ್ನು ಚಳಿಗಾಲದಲ್ಲಿ ಬದಲಾಗುವ ಸಂಗತಿಗಳಲ್ಲೇ ಮೊದಲು ಹುಡುಕತಕ್ಕದ್ದು.

ಚಳಿಯ ಪಾಲು ಎಷ್ಟು?

ಎಂಜಿನ್ ತಣ್ಣಗಿರುವಾಗ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ. ಆದುದರಿಂದ ಹೆಚ್ಚು ಪೆಟ್ರೋಲು ಸುರಿಯಬೇಕಾಗುತ್ತದೆ. ಎಂಜಿನ್ ಆಯಿಲ್ ಮತ್ತು ಗೇರ್ ಆಯಿಲ್ ಮಂದವಾಗಿ, ತಿರುಗುವುದಕ್ಕೆ ಹೆಚ್ಚು ಶಕ್ತಿ ಬೇಕಾಗುತ್ತದೆ. ಇದು ಎಲ್ಲ ಕಾರುಗಳಿಗೂ ಸಹಜ.

ಅಮೆರಿಕದ ಇಂಧನ ಇಲಾಖೆಯ ಲೆಕ್ಕದಂತೆ, 25 ಡಿಗ್ರಿ ಸೆಲ್ಸಿಯಸ್ ಹವೆಗೆ ಹೋಲಿಸಿದರೆ, ಸೊನ್ನೆಗಿಂತ 7 ಡಿಗ್ರಿ ಕೆಳಗಿನ ಚಳಿಯಲ್ಲಿ, ಊರೊಳಗಿನ ಓಡಾಟದಲ್ಲಿ ಪೆಟ್ರೋಲು ಕಾರಿನ ಮೈಲೇಜ್ ನೂರಕ್ಕೆ ಸುಮಾರು 15ರಷ್ಟು ಕಡಿಮೆಯಾಗುತ್ತದೆ. ಐದಾರು ಕಿ.ಮೀ.ಗಳ ಸಣ್ಣ ಓಡಾಟದಲ್ಲಿ ನೂರಕ್ಕೆ 24ರವರೆಗೂ ಇಳಿಯಬಹುದು. ಅದು ನೀರು ಹೆಪ್ಪುಗಟ್ಟುವ ಚಳಿ. ನಮ್ಮ ತುಂಗಭದ್ರೆಯ ದಂಡೆಯಲ್ಲಿ ಪುಷ್ಯ ಮಾಸದ ಮುಂಜಾವಿನಲ್ಲಿಯೂ ಸುಮಾರು 15ರಿಂದ 18 ಡಿಗ್ರಿ ಇರುತ್ತದೆ. ಮಧ್ಯಾಹ್ನ 30ರ ಹತ್ತಿರ. ಇಷ್ಟು ಚಳಿಗೆ ಮೈಲೇಜ್ ಸ್ವಲ್ಪ ಇಳಿಯುವುದು ಸರಿ. 15 ಇದ್ದದ್ದು 12ಕ್ಕೆ ಬಂದರೆ, ಅಂದರೆ ನೂರಕ್ಕೆ 20ರಷ್ಟು ಇಳಿದರೆ, ತಪ್ಪು ಬೇರೆಲ್ಲೋ ಇದೆ.

ಮೊದಲು ಅಳತೆ, ಆಮೇಲೆ ಮಾತು

"ಐನೂರು ರೂಪಾಯಿ ಹಾಕಿಸಿದೆ, ಎರಡೇ ದಿನ ಬಂತು" ಎಂಬುದು ಲೆಕ್ಕವಲ್ಲ. ಸರಿಯಾದ ಕ್ರಮ ಹೀಗಿದೆ.

1. ಬಂಕಿನಲ್ಲಿ ಟ್ಯಾಂಕು ಪೂರ್ತಿ ತುಂಬಿಸಿರಿ. ಪೈಪು ತಾನಾಗಿ ಮೊದಲ ಸಲ ನಿಂತಾಗ ಸಾಕುಮಾಡಿರಿ. ಕಿಲೋಮೀಟರು ಅಂಕಿಯನ್ನು ಪುಸ್ತಕದಲ್ಲಿ ಬರೆಯಿರಿ.

2. ಎಂದಿನಂತೆ ಕನಿಷ್ಠ 250 ಕಿ.ಮೀ. ಓಡಿಸಿರಿ.

3. ಅದೇ ಬಂಕಿನಲ್ಲಿ ಮತ್ತೆ ಅದೇ ರೀತಿ ಪೂರ್ತಿ ತುಂಬಿಸಿರಿ. ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿರಿ.

ಉದಾಹರಣೆಗೆ, ಮೊದಲ ಅಂಕಿ 61,240, ಎರಡನೆಯದು 61,528 ಎಂದಿರಲಿ. ಓಡಿದ್ದು 288 ಕಿ.ಮೀ. ಹಿಡಿದದ್ದು 18 ಲೀಟರು. ಮೈಲೇಜ್ 16. ಇದನ್ನು ಎರಡು ಸಲ ಮಾಡಿದರೆ ನಂಬಬಹುದು.

ಪಕ್ಕದಲ್ಲೇ ಓಡಾಟದ ಬಗೆಯನ್ನೂ ಬರೆದಿಡಿರಿ. ಹೊಸಪೇಟೆಯಿಂದ ಸಂಡೂರಿಗೆ ಗುಡ್ಡ ಹತ್ತುವ ದಾರಿ ಬೇರೆ, ಕಂಪ್ಲಿಯ ಕಡೆಯ ಗದ್ದೆ ಬಯಲಿನ ದಾರಿ ಬೇರೆ. ಸುಗ್ಗಿಯಲ್ಲಿ ಚೀಲ ಹೇರಿದ ಗಾಡಿ ಬೇರೆ, ಖಾಲಿ ಗಾಡಿ ಬೇರೆ. ಹಂಪಿ ಉತ್ಸವದ ಜನಸಂದಣಿಯಲ್ಲಿ ತೆವಳಿದ ದಿನವನ್ನು ಬೇಸಿಗೆಯ ಖಾಲಿ ರಸ್ತೆಗೆ ಹೋಲಿಸಬಾರದು.

ಖರ್ಚಿಲ್ಲದ ಪರೀಕ್ಷೆಗಳು

ಚಕ್ರದ ಗಾಳಿ: ಹವೆ 5–6 ಡಿಗ್ರಿ ತಣ್ಣಗಾದರೆ ಟೈರಿನ ಗಾಳಿ ಸುಮಾರು 1 ಪೌಂಡು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ತುಂಬಿಸಿದ ಗಾಳಿ ಡಿಸೆಂಬರಿನ ಮುಂಜಾವಿಗೆ ಬರಿಯ ಚಳಿಯಿಂದಲೇ 4 ಪೌಂಡು ಕಡಿಮೆ ಇರುತ್ತದೆ. ತಿಂಗಳುಗಟ್ಟಲೆ ಸೋರಿದ್ದು ಬೇರೆ. ಮೈಲೇಜಿಗೆ ಇದರಿಂದಾಗುವ ನಷ್ಟ ನೂರಕ್ಕೆ ಒಂದೆರಡು ಮಾತ್ರ. ಆದರೆ ಟೈರು ಅಂಚಿನಲ್ಲಿ ಸವೆಯುತ್ತದೆ, ಬಿಸಿಯಾಗಿ ಸಿಡಿಯುವ ಭಯವೂ ಉಂಟು. ಓಡಿಸುವ ಮುಂಚೆ, ಟೈರು ತಣ್ಣಗಿರುವಾಗ ಅಳೆಯಿಸಿರಿ. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಬಾಗಿಲಿನ ಪಕ್ಕದ ಚೀಟಿಯಲ್ಲಿರುತ್ತದೆ.

ಬ್ರೇಕು: ಸಮತಟ್ಟು ನೆಲದಲ್ಲಿ ಗೇರು ತೆಗೆದು, ಹ್ಯಾಂಡ್ ಬ್ರೇಕು ಬಿಟ್ಟು ತಳ್ಳಿ ನೋಡಿರಿ. ಸಣ್ಣ ಕಾರು ಒಬ್ಬ ಆಳಿನ ಕೈಗೆ ಕದಲಬೇಕು. ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕು ಚಕ್ರಗಳ ಬಳಿಯೂ ಕೈ ಹಿಡಿಯಿರಿ, ಮುಟ್ಟಬೇಡಿರಿ. ಒಂದು ಚಕ್ರ ಮಾತ್ರ ಹೆಚ್ಚು ಬಿಸಿ ಇದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ. ಮಳೆಗಾಲದಲ್ಲಿ ಕೆಸರು ತುಂಬಿದ ಗಾಡಿಗಳಲ್ಲಿ ಇದು ಅಪರೂಪವಲ್ಲ.

ನಿಂತಲ್ಲೇ ಓಡಿಸುವುದು: ಬೆಳಿಗ್ಗೆ ಎಂಜಿನ್ ಚಾಲೂ ಮಾಡಿಟ್ಟು ಚಹಾ ಕುಡಿಯಲು ಒಳಗೆ ಹೋಗುವ ಅಭ್ಯಾಸ ಬಿಡಿರಿ. ಸಣ್ಣ ಕಾರು ನಿಂತಲ್ಲೇ ಓಡಿದರೂ ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚು ಸುಡುತ್ತದೆ. ಅರ್ಧ ನಿಮಿಷ ಬಿಟ್ಟು, ಮೊದಲ ಎರಡು ಮೂರು ಕಿ.ಮೀ. ನಿಧಾನವಾಗಿ ಓಡಿಸಿದರೆ ಎಂಜಿನ್ ಬೇಗ ಬೆಚ್ಚಗಾಗುತ್ತದೆ.

ಚೋಕು: ಕಾರ್ಬುರೇಟರ್ ಇರುವ ಹಳೆಯ ಕಾರುಗಳಲ್ಲಿ ಚಳಿಯಲ್ಲಿ ಎಳೆದ ಚೋಕು ಪೂರ್ತಿ ಒಳಗೆ ಹೋಗದೆ ಅರ್ಧಕ್ಕೆ ನಿಲ್ಲುವುದುಂಟು. ಕಪ್ಪು ಹೊಗೆ, ಪೆಟ್ರೋಲಿನ ವಾಸನೆ, ಮಸಿ ಹಿಡಿದ ಪ್ಲಗ್ ಇದರ ಗುರುತು. ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣವಿದ್ದರೆ ಉರಿ ಸರಿಯಾಗಿದೆ ಎಂದು ತಿಳಿಯಬಹುದು.

ಗಾಳಿಯ ಜಾಲರಿ: ಸಂಡೂರಿನ ಅದಿರು ಲಾರಿಗಳ ಹಿಂದೆ ಓಡುವ ಕಾರಿನ ಏರ್ ಫಿಲ್ಟರಿಗೆ ಕೆಂಪು ಧೂಳು ಬೇಗ ಕಟ್ಟುತ್ತದೆ. ಕಾರ್ಬುರೇಟರ್ ಕಾರಿನಲ್ಲಿ ಇದರಿಂದ ಮೈಲೇಜ್ ಬೀಳುತ್ತದೆ. ಈಚಿನ ಇಂಜೆಕ್ಷನ್ ಕಾರುಗಳಲ್ಲಿ ಎಳೆಯುವ ಶಕ್ತಿ ಕುಗ್ಗುತ್ತದೆಯೇ ಹೊರತು ಮೈಲೇಜ್ ಅಷ್ಟಾಗಿ ಬದಲಾಗದು. ಎರಡರಲ್ಲಿಯೂ ಕಾಲಕಾಲಕ್ಕೆ ಬದಲಿಸುವುದು ಲೇಸು.

ಎಂಜಿನ್ ಬೆಚ್ಚಗಾಗುತ್ತಿದೆಯೇ?

ನಮ್ಮ ವ್ಯಾನಿನ ಗುಟ್ಟು ಇಲ್ಲಿತ್ತು. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಥರ್ಮೋಸ್ಟಾಟ್ ವಾಲ್ವ್ ಎಂಬ ಒಂದು ಸಣ್ಣ ಬಿರಡೆ ಇರುತ್ತದೆ. ಅದನ್ನು ಕಾಲುವೆಯ ತೂಬು ಎಂದು ತಿಳಿಯಿರಿ. ಎಂಜಿನ್ ತಣ್ಣಗಿರುವಾಗ ತೂಬು ಮುಚ್ಚಿರುತ್ತದೆ. ನೀರು ಎಂಜಿನ್ನಿನೊಳಗೇ ಸುತ್ತಿ ಬೇಗ ಕಾಯುತ್ತದೆ. ಸುಮಾರು 80–90 ಡಿಗ್ರಿಗೆ ಬಂದಾಗ ಬಿರಡೆಯೊಳಗಿನ ಮೇಣ ಕರಗಿ ಹಿಗ್ಗಿ ತೂಬನ್ನು ತೆರೆಯುತ್ತದೆ. ಆಗ ನೀರು ರೇಡಿಯೇಟರಿಗೆ ಹರಿದು ತಣ್ಣಗಾಗಿ ಬರುತ್ತದೆ.

ನಮ್ಮಂಥ ಬಿಸಿಲು ನಾಡಿನಲ್ಲಿ ಕಾರು ಕುದಿಯತೊಡಗಿದರೆ ಈ ವಾಲ್ವನ್ನೇ ಕಿತ್ತೆಸೆಯುವ ರೂಢಿಯಿದೆ. ನಮ್ಮ ವ್ಯಾನಿನಲ್ಲಿಯೂ ಯಾರೋ ಹಿಂದೆಯೇ ಕಿತ್ತಿದ್ದರು. ತೂಬಿಲ್ಲದ ಕಾಲುವೆಯಲ್ಲಿ ನೀರು ಸದಾ ಹರಿಯುತ್ತದೆ. ಬೇಸಿಗೆಯ 40 ಡಿಗ್ರಿಯಲ್ಲಿ ಹೇಗೋ ಎಂಜಿನ್ ಕಾಯುತ್ತಿತ್ತು. ಡಿಸೆಂಬರಿನ ಬೆಳಗಿನ ಗಾಳಿಯಲ್ಲಿ ಅದು ಕಾಯುತ್ತಲೇ ಇರಲಿಲ್ಲ. ಶಾಖ ಅಳೆಯುವ ಸೆನ್ಸರ್ "ಇನ್ನೂ ತಣ್ಣಗಿದೆ" ಎಂದು ಹೇಳುತ್ತಿದ್ದರೆ, ಪೆಟ್ರೋಲು ಅಳೆದು ಸುರಿಯುವ ಕಂಪ್ಯೂಟರ್ ಹೆಚ್ಚು ಸುರಿಯುತ್ತಲೇ ಇತ್ತು. ಚಳಿಗಾಲದಲ್ಲಿ ಮಾತ್ರ ಮೈಲೇಜ್ ಬಿದ್ದದ್ದು ಇದರಿಂದ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು.

1. ಹತ್ತು ಕಿ.ಮೀ. ಓಡಿದ ಮೇಲೆ ಶಾಖದ ಮುಳ್ಳು ನಡುವಿನ ಹತ್ತಿರ ಬಂದು ನಿಲ್ಲಬೇಕು. ವೇಗವಾಗಿ ಓಡುವಾಗ ಇಳಿದು, ನಿಲ್ಲಿಸಿದಾಗ ಏರಿದರೆ ವಾಲ್ವ್ ಇಲ್ಲ, ಇಲ್ಲವೇ ತೆರೆದೇ ನಿಂತಿದೆ. ಕೆಲವು ಕಾರುಗಳಲ್ಲಿ ಮುಳ್ಳಿನ ಬದಲು ನೀಲಿ ದೀಪವಿರುತ್ತದೆ. ಅದು ಬಹಳ ಹೊತ್ತು ಆರದಿದ್ದರೂ ಅದೇ ಸೂಚನೆ.

2. ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಚಾಲೂ ಮಾಡಿ ಎರಡು ನಿಮಿಷದ ಮೇಲೆ ಆರಿಸಿರಿ. ರೇಡಿಯೇಟರಿನ ಮೇಲಿನ ರಬ್ಬರ್ ಪೈಪನ್ನು ಮುಟ್ಟಿರಿ. ಅದು ಇನ್ನೂ ತಣ್ಣಗಿರಬೇಕು. ಎಂಜಿನ್ ಕಾದ ಮೇಲಷ್ಟೇ ಒಮ್ಮೆಗೇ ಬಿಸಿಯಾಗಬೇಕು. ಮೊದಲಿನಿಂದಲೇ ಎಂಜಿನ್ನಿನ ಜೊತೆ ಜೊತೆಗೆ ಮೆಲ್ಲಗೆ ಬೆಚ್ಚಗಾದರೆ ತೂಬು ಇಲ್ಲವೆಂದೇ ಅರ್ಥ.

ಎಚ್ಚರಿಕೆ: ಎಂಜಿನ್ ಆರಿಸಿದ ಮೇಲೂ ಕರೆಂಟಿನ ಫ್ಯಾನು ತಾನಾಗಿ ತಿರುಗಬಹುದು, ಕೈ, ಟವೆಲ್ಲು ದೂರವಿರಲಿ. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ಎಂದಿಗೂ ತೆರೆಯಬಾರದು. ಕುದಿನೀರು ಚಿಮ್ಮಿ ಮುಖ ಸುಡುತ್ತದೆ.

ಒಬ್ಬ ವಯಸ್ಸಾದ ಮೆಕ್ಯಾನಿಕ್ಕು ಈ ಪೈಪು ಮುಟ್ಟಿಯೇ ನಮ್ಮ ವ್ಯಾನಿನ ರೋಗ ಹೇಳಿದರು. ಹೊಸ ವಾಲ್ವ್, ಕೂಲೆಂಟ್ ಮತ್ತು ಕೂಲಿ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಟೈರಿಗೆ ಸರಿಯಾಗಿ ಗಾಳಿ ತುಂಬಿಸಿದ ಮೇಲೆ ಅಳತೆ 14ಕ್ಕೆ ಬಂತು. ಉಳಿದ ಒಂದು ಕಿಲೋಮೀಟರನ್ನು ಚಳಿಗೂ ಸಣ್ಣ ಓಡಾಟಕ್ಕೂ ಬಿಟ್ಟುಕೊಟ್ಟೆವು. ಅವ್ವನ ಗಂಟು ಬಿಚ್ಚಲಿಲ್ಲ. ಮಾಘ ಮಾಸದಲ್ಲಿ ಅಕ್ಕ ಅದೇ ವ್ಯಾನಿನಲ್ಲಿ ಆಸ್ಪತ್ರೆಗೆ ಹೋಗಿ ಮಗುವಿನೊಡನೆ ಮನೆಗೆ ಬಂದಳು.

ವಾಲ್ವ್ ಹಾಕಿಸುವಾಗ ಒಂದು ಮಾತು ನೆನಪಿರಲಿ. ಹಿಂದೆ ಕಾರು ಕುದಿಯುತ್ತಿದ್ದ ಕಾರಣವನ್ನೂ ತೆಗೆಯಿಸಬೇಕು. ಅದು ಕಟ್ಟಿಕೊಂಡ ರೇಡಿಯೇಟರ್ ಇರಬಹುದು, ಓಡದ ಫ್ಯಾನು ಇರಬಹುದು, ಸೋರುವ ಪೈಪು ಇರಬಹುದು. ಬೋರಿನ ಗಡುಸು ನೀರು ಹಾಕಿದರೆ ಒಳಗೆ ಉಪ್ಪು ಕಟ್ಟುತ್ತದೆ, ಕೂಲೆಂಟ್ ಹಾಕಿಸಿರಿ.

ವಾಲ್ವ್ ಸರಿಯಿದ್ದೂ ಮೈಲೇಜ್ ಬರದಿದ್ದರೆ, ಶಾಖದ ಸೆನ್ಸರ್ ಮತ್ತು ಹೊಗೆಯ ಕೊಳವೆಯ ಆಕ್ಸಿಜನ್ ಸೆನ್ಸರನ್ನು ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ತೋರಿಸತಕ್ಕದ್ದು.

ಪೆಟ್ರೋಲಿನ ಬದಲಾವಣೆ

2025ರ ವೇಳೆಗೆ ನಮ್ಮ ದೇಶದಲ್ಲಿ ಪೆಟ್ರೋಲಿಗೆ ನೂರಕ್ಕೆ 20ರಷ್ಟು ಎಥನಾಲ್ ಬೆರೆಸುವ ಗುರಿ ಮುಟ್ಟಿತು. ಕಬ್ಬು, ಮೆಕ್ಕೆಜೋಳ, ನುಚ್ಚಕ್ಕಿಯಿಂದ ತಯಾರಾಗುವ ಇದು ರೈತನಿಗೆ ಬೇಡವಾದ ವಸ್ತುವಲ್ಲ. ಆದರೆ ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲು ಶಕ್ತಿ ಕಡಿಮೆ. ಹಳೆಯ ಕಾರುಗಳಲ್ಲಿ ಮೈಲೇಜ್ ನೂರಕ್ಕೆ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜು ಮಾಡಿತ್ತು. ಇದು ವರ್ಷವಿಡೀ ಇರತಕ್ಕ ಇಳಿತ, ಚಳಿಗಾಲದ್ದಲ್ಲ. ಹಳೆಯ ಕಾರಿನ ಪೆಟ್ರೋಲು ಪೈಪಿನ ರಬ್ಬರು ಬಿರುಕು ಬಿಟ್ಟಿದೆಯೇ, ಸೋರುತ್ತಿದೆಯೇ ಎಂದು ಮಾತ್ರ ಆಗಾಗ ನೋಡಿಕೊಳ್ಳಿರಿ.

ಎಂಜಿನ್ ಬಿಚ್ಚುವ ಮುನ್ನ

ಎಂಜಿನ್ ನಿಜವಾಗಿ ಸವೆದಿದ್ದರೆ ಎಲ್ಲ ಕಾಲದಲ್ಲಿಯೂ ನೀಲಿ ಹೊಗೆ ಬರುತ್ತದೆ, ಆಯಿಲ್ ಕಡಿಮೆಯಾಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ಆಗಲೂ ಕಂಪ್ರೆಷನ್ ಅಳೆಯಿಸಿ, ಅಂಕಿಯನ್ನು ಕಣ್ಣಾರೆ ನೋಡಿದ ಮೇಲೆಯೇ ಒಪ್ಪಿಗೆ ಕೊಡಿರಿ. ಇಲ್ಲದಿದ್ದರೆ ಬೆಟ್ಟ ಅಗೆದು ಇಲಿ ಹಿಡಿದಂತಾದೀತು.

ಅಳತೆಯ ಪುಸ್ತಕ ಕೈಯಲ್ಲಿ ಹಿಡಿದು ಗ್ಯಾರೇಜಿಗೆ ಹೋದವನಿಗೆ ದೊರೆಯುವ ಉತ್ತರವೇ ಬೇರೆ. ಒಂದು ಹಳೆಯ ನೋಟುಪುಸ್ತಕ, ಒಂದು ಪೆನ್ಸಿಲು ಇಂದೇ ಕಾರಿನಲ್ಲಿಡಿರಿ. ಮುಂದಿನ ಸಲ ಪೆಟ್ರೋಲು ಹಾಕಿಸುವಾಗ ಮೊದಲ ಅಂಕಿ ಬರೆಯಿರಿ. ನಾನು ನಿಮ್ಮ ಊರಿಗೆ ಬಂದಾಗ ಅದನ್ನು ತೋರಿಸಿರಿ. ಇಬ್ಬರೂ ಕೂತು ಲೆಕ್ಕ ನೋಡೋಣ.

— ನಿಮ್ಮ ಗ್ರಾಮಸೇವಕ