ಗೋಡೆಯ ಮೇಲೊಂದು ತುಂಡು ಮಲೆನಾಡು

ಮುಂಗಾರಿನ ಮೊದಲ ಗಾಳಿಮಳೆ ಹೊಡೆದ ಮರುದಿನ ಮಲೆನಾಡಿನ ಯಾವುದಾದರೂ ತೋಟದಲ್ಲಿ ಹತ್ತು ಹೆಜ್ಜೆ ನಡೆದು ನೋಡಿ. ಮಾವಿನ ಕೊಂಬೆಯೋ ಹಲಸಿನ ಕೊಂಬೆಯೋ ಮುರಿದು ಅಡ್ಡ ಬಿದ್ದಿರುತ್ತದೆ. ಅದರ ಮೈತುಂಬ ಹಸಿರು ಪಾಚಿ, ಪುಟ್ಟ ಜರಿಗಿಡಗಳು, ಅದೃಷ್ಟವಿದ್ದರೆ ಒಂದು ಸೀತಾಳೆ ಗಿಡ. ಸೌದೆಗೆಂದು ಬಂದವರು ಇದನ್ನೆಲ್ಲ ಕತ್ತಿಯಿಂದ ಹೆರೆದು ಚರಂಡಿಗೆ ಎಸೆಯುತ್ತಾರೆ. ಹಾಗೆ ಎಸೆಯುವ ಕಸದಲ್ಲೇ ನಿಮ್ಮ ಜಗಲಿಯ ಗೋಡೆಗೆ ಬೇಕಾದ ಜೀವಂತ ಅಲಂಕಾರವಿದೆ.

ಈ ವಿಷಯ ಬರೆಯಲು ನನಗೊಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಶಾಲೆಯೊಂದರ ವಸ್ತುಪ್ರದರ್ಶನದಲ್ಲಿ ಮಕ್ಕಳು ಇಡೀ ಒಂದು ಗೋಡೆಯನ್ನು ಹಸಿರು ಮಾಡಿದ್ದರು. ಹಲಗೆಗಳಿಗೆ ಕಟ್ಟಿದ ಸೀತಾಳೆ ಗಿಡಗಳು, ನಡುವೆ ಪಾಚಿಯ ಚಾಪೆ. ನೋಡಿದವರೆಲ್ಲ ಬೆರಗಾದರು, ಬಹುಮಾನವೂ ಬಂತು. ತಿಂಗಳು ಕಳೆಯುವಷ್ಟರಲ್ಲಿ ಗಿಡಗಳೆಲ್ಲ ಸುಕ್ಕುಗಟ್ಟಿ ಒಣಗಿದವು. ಅವನ್ನು ತಂದದ್ದು ಬಿದ್ದ ಕೊಂಬೆಯಿಂದಲ್ಲ, ನೆಟ್ಟಗೆ ನಿಂತಿದ್ದ ಮರಗಳಿಂದ. ಕೆಳಗೆ ಏಣಿ ಹಿಡಿದು ನಿಂತ ಪೋಷಕರಲ್ಲಿ ನಾನೂ ಒಬ್ಬ.

ಕಿತ್ತರೆ ಮತ್ತೆ ಹುಟ್ಟುವುದಿಲ್ಲವೇ ಎಂದು ಅಂದು ಯಾರೋ ಕೇಳಿದ್ದರು. ಹುಟ್ಟುತ್ತದೆ, ಆದರೆ ಹುಲ್ಲು ಹುಟ್ಟಿದ ಹಾಗಲ್ಲ. ಸೀತಾಳೆಯೂ ಆರ್ಕಿಡ್ ಜಾತಿಯದು. ಇದರ ಒಂದೊಂದು ಕಾಯಿಯಲ್ಲೂ ಸಾವಿರಗಟ್ಟಲೆ ಬೀಜಗಳಿದ್ದರೂ ಅವು ಧೂಳಿನಷ್ಟು ಸಣ್ಣವು. ತೆಂಗಿನಕಾಯಿಯಲ್ಲೋ ಕಡಲೆಯಲ್ಲೋ ಇರುವಂತೆ ಮೊಳಕೆಗೆ ಕಟ್ಟಿಕೊಟ್ಟ ಬುತ್ತಿ ಅವುಗಳಲ್ಲಿಲ್ಲ. ಗಾಳಿಯಲ್ಲಿ ಹಾರಿ ತೊಗಟೆಗೆ ಅಂಟಿದ ಬೀಜಕ್ಕೆ ಅಲ್ಲಿ ತಕ್ಕ ಶಿಲೀಂಧ್ರದ ನೆರವು ಸಿಕ್ಕರೆ ಮಾತ್ರ ಮೊಳಕೆ. ಫ್ರಾನ್ಸಿನ ನೊಯೆಲ್ ಬರ್ನಾರ್ 1899ರಲ್ಲಿ ಈ ಗುಟ್ಟನ್ನು ಕಂಡುಹಿಡಿದ. 1922ರಲ್ಲಿ ಅಮೆರಿಕದ ಲೂಯಿಸ್ ನಡ್‌ಸನ್, ಶಿಲೀಂಧ್ರವಿಲ್ಲದೆ ಸಕ್ಕರೆ ಬೆರೆಸಿದ ಆಹಾರದ ಮೇಲೂ ಬೀಜ ಮೊಳೆಯುತ್ತದೆಂದು ತೋರಿಸಿದ. ನರ್ಸರಿಗಳಲ್ಲಿ ಬಾಟಲಿಯೊಳಗೆ ಬೆಳೆಸಿದ ಆರ್ಕಿಡ್ ಸಸಿಗಳು ಸಿಗುವುದು ಈ ಶೋಧದ ದೆಸೆಯಿಂದ. ಕಾಡಿನಲ್ಲಿ ಮಾತ್ರ ಹಳೆಯ ನಿಯಮವೇ. ಮೊಳೆತ ಮೇಲೂ ಹೂ ಬಿಡಲು ಹಲವು ವರ್ಷ ಬೇಕು. ನಾವು ಒಂದೇ ಮಧ್ಯಾಹ್ನದಲ್ಲಿ ಅಷ್ಟನ್ನೂ ಇಳಿಸಿಬಿಟ್ಟಿದ್ದೆವು!

ಬಿದ್ದ ಕೊಂಬೆಯ ಗಿಡದ ಕಥೆ ಬೇರೆ. ನೆಲದ ಕತ್ತಲೆಯಲ್ಲಿ, ಕೊಳೆತ ಎಲೆಗಳ ನಡುವೆ ಅದು ಹೆಚ್ಚು ದಿನ ಬದುಕುವುದಿಲ್ಲ. ಅದನ್ನು ಎತ್ತಿ ತಂದರೆ ಉಳಿಸಿದಂತೆಯೇ. ಆದರೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಬಿದ್ದದ್ದನ್ನೂ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ತಡೆಯುತ್ತದೆ. ಮೀಸಲು ಅರಣ್ಯದಲ್ಲೂ ಅರಣ್ಯ ಇಲಾಖೆಯನ್ನು ಕೇಳದೆ ಕೈ ಹಾಕಬೇಡಿ. ನಿಮ್ಮ ತೋಟ, ನೆಂಟರ ಹಿತ್ತಿಲು ಸಾಕು. ಪೇಟೆಯವರಾದರೆ, ಮಳೆಗೆ ಬಿದ್ದ ಸಾಲುಮರದ ಕೊಂಬೆ ತೆಗೆಯಲು ಬಂದವರನ್ನು ಕೇಳಿ ಒಂದು ತುಂಡು ಪಡೆಯಬಹುದು.

ಬಾಡಿಗೆದಾರ, ಕಳ್ಳನಲ್ಲ

ಮರದ ಮೇಲೆ ಬೆಳೆದದ್ದೆಲ್ಲ ಬಂದಳಿಕೆ ಎಂದು ಹಿರಿಯರು ಬೈಯುವುದುಂಟು. ಬಂದಳಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ, ನಿಜ. ಸೀತಾಳೆ, ಮರದ ಮೇಲಿನ ಜರಿಗಿಡಗಳು ಹಾಗಲ್ಲ. ಇವು ಮಹಡಿಯ ಮೇಲಿನ ಬಾಡಿಗೆದಾರರಂತೆ, ಇರಲು ಜಾಗ ಕೇಳುತ್ತವೆ, ಊಟ ಕೇಳುವುದಿಲ್ಲ. ಆರ್ಕಿಡ್ ಬೇರಿನ ಹೊರಮೈ ಸ್ಪಂಜಿನಂತೆ ಮಳೆನೀರನ್ನು ಹೀರಿಕೊಳ್ಳುತ್ತದೆ. ಒಣಗಿದಾಗ ಬೆಳ್ಳಗೆ, ನೆನೆದಾಗ ಹಸಿರು. ಇದು ತಿಳಿಯದೆ ನಾನು ಮೊದಲ ಗಿಡವನ್ನು ಗೊಬ್ಬರ ಬೆರೆಸಿದ ಮಣ್ಣಿನ ಕುಂಡದಲ್ಲಿ ನೆಟ್ಟು, ಎರಡೇ ವಾರದಲ್ಲಿ ಕೊಳೆಸಿದ್ದೆ.

ಈಗ ಕೆಲಸಕ್ಕೆ ಬರೋಣ. ಸಾಧ್ಯವಾದರೆ ಗಿಡವನ್ನು ಕೊಂಬೆಯಿಂದ ಬಿಡಿಸಲೇಬೇಡಿ. ಗಿಡವಿರುವ ಭಾಗದ ಎರಡೂ ಪಕ್ಕ ಅರ್ಧ ಅಡಿ ಬಿಟ್ಟು ಗರಗಸದಿಂದ ಕೊಯ್ಯಿರಿ. (ಗರಗಸ ಹಿಡಿಯುವ ಕೆಲಸ ಅಪ್ಪನದೋ ಅಮ್ಮನದೋ ಇರಲಿ.) ಹಲಸು, ಮಾವಿನಂಥ ಗಟ್ಟಿ ಮರವಾದರೆ ವರ್ಷಗಟ್ಟಲೆ ಬಾಳುತ್ತದೆ. ಹಾಲುವಾಣ, ಬೂರುಗದಂಥ ಮೆದು ಮರ ಬೇಗ ಲಡ್ಡಾಗುತ್ತದೆ. ಅಂಥ ಕೊಂಬೆಯಾದರೆ ಮಾತ್ರ ಗಿಡವನ್ನು ತೊಗಟೆಸಹಿತ ಎಬ್ಬಿಸಬೇಕು.

ಹೀಗೆ ಎಬ್ಬಿಸಿದ ಗಿಡಕ್ಕೆ ಒಂದು ಹಳೆಯ ಹಲಗೆ, ಅದರ ಮೇಲೆ ಮೊಳೆ ಹೊಡೆದು ಕೂರಿಸಿದ ತೆಂಗಿನ ಸಿಪ್ಪೆ ಬೇಕು. ಸಿಪ್ಪೆಯನ್ನು ಮೊದಲೇ ಒಂದು ವಾರ ನೆನೆಹಾಕಿ. ದಿನವೂ ನೀರು ಬದಲಿಸುತ್ತ ಅದರ ಕೆಂಪು ಬಣ್ಣ ಬಿಡಿಸಿರಬೇಕು. ಬೇರುಗಳನ್ನು ಸಿಪ್ಪೆಯ ಮೇಲೆ ಹರವಿ, ಬಿದ್ದ ಕೊಂಬೆಯದೇ ಪಾಚಿಯನ್ನು ತೆಳುವಾಗಿ ಹೊದಿಸಿ, ಬಾಳೆನಾರಿನಿಂದ ಕಟ್ಟಿ. ಬೇರು ಹಿಡಿಯುವ ಹೊತ್ತಿಗೆ ನಾರು ತಾನಾಗಿ ಕೊಳೆತು ಉದುರುತ್ತದೆ. ತಾಮ್ರದ ತಂತಿ ಬೇಡವೇ ಬೇಡ, ತಾಮ್ರ ಆರ್ಕಿಡ್‌ಗೆ ವಿಷ. ಗಿಡದ ಸುಳಿ ಕೊಂಚ ಓರೆಯಾಗಿರಲಿ, ನೀರು ನಿಂತರೆ ಸುಳಿ ಕೊಳೆಯುತ್ತದೆ.

ಮಾವಿನ ಮರಗಳ ಮೇಲೆ ಕಂದು ಎಲೆಗಳ ಬುಟ್ಟಿ ಕಟ್ಟಿಕೊಂಡು ಕೂರುವ ದೊಡ್ಡ ಜರಿಗಿಡವೊಂದಿದೆ, ಡ್ರೈನೇರಿಯಾ. ಅದು ಸಿಕ್ಕರೆ ಕಂದು ಎಲೆಗಳನ್ನು ಒಣಗಿದವೆಂದು ಕಿತ್ತುಹಾಕಬೇಡಿ. ಉದುರುವ ತರಗೆಲೆಗಳನ್ನು ಹಿಡಿದಿಟ್ಟು ಗಿಡಕ್ಕೆ ಗೊಬ್ಬರ ಕೂಡಿಸುವ ಜೋಳಿಗೆ ಅದೇ.

ಎಲ್ಲಿ ತೂಗುಹಾಕುವುದು?

ಬೆಳಗಿನ ಎಳೆಬಿಸಿಲು ಬೀಳುವ ಜಗಲಿ ಉತ್ತಮ. ಹಿಂದೆ ಎರಡು ರೀಪಿನ ತುಂಡು ಕೊಟ್ಟು ಗೋಡೆಯಿಂದ ಒಂದೆರಡು ಅಂಗುಲ ದೂರವಿರಿಸಿ. ಗಾಳಿಯಾಡುತ್ತದೆ, ಸುಣ್ಣವೂ ಹಾಳಾಗುವುದಿಲ್ಲ. ಬೇಸಿಗೆಯಲ್ಲಿ ದಿನವೂ ಹತ್ತು ನಿಮಿಷ ಬಕೆಟ್ಟಿನಲ್ಲಿ ಅದ್ದಿಡಿ. ನಲ್ಲಿ ನೀರಾದರೆ ರಾತ್ರಿಯೇ ಹಿಡಿದಿಟ್ಟದ್ದು ಒಳ್ಳೆಯದು. ಮಿಕ್ಕ ದಿನಗಳಲ್ಲಿ ಬೇರನ್ನೇ ಕೇಳಿ: ಬೆಳ್ಳಗಿದ್ದರೆ ಬಾಯಾರಿದೆ, ಹಸಿರಿದ್ದರೆ ಸಾಕು.

ಬಯಲುಸೀಮೆಯ ಒಣಹವೆಯಲ್ಲಿ ಜರಿಗಿಡ, ಪಾಚಿಗಳ ಆಸೆ ಬಿಡುವುದೇ ಲೇಸು. ನರ್ಸರಿಯ ಆರ್ಕಿಡ್ ಸಸಿಯೊಂದನ್ನು ಕೊಂಡು ತೆಂಗಿನ ಸಿಪ್ಪೆಗೆ ಕಟ್ಟಿ.

ನಮ್ಮ ಮನೆಯ ಗೋಡೆಯಲ್ಲಿ ಈಗಿರುವುದು ಎರಡು ಮಳೆಗಾಲದ ಹಿಂದೆ ಬಿದ್ದ ಹಲಸಿನ ಕೊಂಬೆಯ ಒಂದೂವರೆ ಅಡಿ ತುಂಡು. ಅದರ ಸೀತಾಳೆ ಇನ್ನೂ ಹೂ ಬಿಟ್ಟಿಲ್ಲ. ಮಗಳು ಪ್ರತಿ ಭಾನುವಾರ ಅಳತೆಪಟ್ಟಿ ಹಿಡಿದು ಹೊಸ ಬೇರನ್ನು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಹೋದ ವಾರ ನಾಲ್ಕು ಅಂಗುಲವಾಗಿತ್ತು. ತುದಿ ಹಸಿರಾಗಿದೆ, ಕೊಂಬೆಯ ಹಿಂಬದಿಗೆ ತಿರುಗಿದೆ.